ಅಪ್‌ಡೇಟ್: 2006ರ ಮಸ್ಟಾಂಗ್ ಜಿಟಿಗೆ ಮೊದಲು ಪ್ಲಗ್, ಆಮೇಲೆ ಗೇರ್

ನನ್ನ ಸೆಕೆಂಡ್‌ಹ್ಯಾಂಡ್ ಫೋರ್ಡ್ ಮಸ್ಟಾಂಗ್ ಜಿಟಿ ಕಾರಿಗೆ (4.6 ಲೀಟರ್ ವಿ8 ಎಂಜಿನ್) ಮೊದಲು ಇಂಟೇಕ್ (ಎಂಜಿನ್‌ಗೆ ಗಾಳಿ ಎಳೆಯುವ ಕೊಳವೆ) ಬದಲಿಸಲೋ, ಹಿಂದಿನ ಆಕ್ಸಲ್ ಗೇರ್ ಬದಲಿಸಲೋ ಎಂದು ಹಿಂದೆ ಕೇಳಿದ್ದೆ. ಎರಡಕ್ಕೂ ಮುಂಚೆ ಸ್ಪಾರ್ಕ್ ಪ್ಲಗ್ ಎಂದು ತೀರ್ಮಾನಿಸಿದ್ದೇನೆ.

ಸಿಲಿಂಡರ್‌ಗೆ ಮೂರು ವಾಲ್ವ್ ಇರುವ ಈ ಎಂಜಿನ್ನಿನ ಮೂಲ ಪ್ಲಗ್ ಎರಡು ತುಂಡಿನದು. ತುದಿಯ ಕವಚಕ್ಕೆ ಕಾರ್ಬನ್ ಕಟ್ಟಿಕೊಂಡು, ಬಿಚ್ಚುವಾಗ ಅದು ಮುರಿದು ಸಿಲಿಂಡರ್ ಹೆಡ್‌ನಲ್ಲೇ (ಎಂಜಿನ್ನಿನ ಮೇಲ್ಭಾಗ) ಉಳಿದುಬಿಡಬಹುದು. ಎಂಜಿನ್ ತಣ್ಣಗಾದ ಮೇಲೆ ಕಾಲು ಸುತ್ತು ಮೀರದಂತೆ ಸಡಿಲಿಸಿ, ಪ್ಲಗ್ ಗುಂಡಿಗೆ ಕಾರ್ಬ್ಯುರೇಟರ್ ಕ್ಲೀನರ್ ಸುರಿದು ಕನಿಷ್ಠ 15 ನಿಮಿಷ ನೆನೆಸಬೇಕು. ಆಮೇಲೆ ಹಿಂದೆ ಮುಂದೆ ತಿರುಗಿಸುತ್ತಾ ಬಿಚ್ಚಬೇಕು. ಇಲ್ಲಿ ಆತುರ ಬೇಡವೇ ಬೇಡ. ಹೊಸ ಎಂಟು ಪ್ಲಗ್‌ಗಳ ಕವಚಕ್ಕೆ ಮಾತ್ರ ನಿಕಲ್ ಆಂಟಿಸೀಜ್ (ಅಂಟಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ, 34 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಬೇಕು.

ನಂತರ ಹಿಂದಿನ ಆಕ್ಸಲ್‌ಗೆ 3.73 ಅನುಪಾತದ ಗೇರ್. ಎಳೆತ ಚೆನ್ನಾಗಿರುತ್ತದೆ, ಹೈವೇಯಲ್ಲಿ ಆರ್‌ಪಿಎಂ ಏರುತ್ತದೆ. ಟ್ಯೂನರ್‌ನಲ್ಲಿ (ಕಾರಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವ ಸಾಧನ) ಈ ಅನುಪಾತ ಬದಲಿಸದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಇಂಟೇಕ್ ಸದ್ಯಕ್ಕಿಲ್ಲ: ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕೊಳವೆ ಅಗಲವಾದರೆ, ಟ್ಯೂನ್ ಇಲ್ಲದೆ ಪೆಟ್ರೋಲ್ ಸಾಲದೆ ಎಂಜಿನ್‌ಗೇ ಅಪಾಯ.