ಸಹಾಯ ಬೇಕು: ಬೇವಿನ ಕಷಾಯಕ್ಕೂ ಬಗ್ಗದ ಮೆಣಸಿನ ಥ್ರಿಪ್ಸ್

ಎಲ್ಲರಿಗೂ ನಮಸ್ಕಾರ. ಮೆಣಸಿನ ಗಿಡಗಳಿಗೆ ಎಲೆ ಮುದುಡು ಬಂದಿದೆ. ಎಲೆಯ ಅಂಚು ದೋಣಿ ತರ ಮೇಲಕ್ಕೆ ಮಡಚಿಕೊಂಡಿದೆ, ಹಾಗಾಗಿ ಥ್ರಿಪ್ಸ್ (ಎಲೆಯ ರಸ ಹೀರುವ ಸಣ್ಣ ಕೀಟ) ಅಂತ ನನ್ನ ಲೆಕ್ಕ. ಮೈಟ್ ನುಸಿಯಾಗಿದ್ದರೆ ಕೆಳಕ್ಕೆ ಮುದುಡಬೇಕಿತ್ತು ಅಲ್ವಾ? ಕುಡಿಯನ್ನು ಬಿಳಿ ಹಾಳೆ ಮೇಲೆ ತಟ್ಟಿದರೆ ಹಳದಿ ಬಣ್ಣದ, ಕಡ್ಡಿಯಂಥ ಸಣ್ಣ ಹುಳಗಳು ಉದುರಿ ಓಡಾಡುತ್ತವೆ.

ಶೇ. 5ರ ಬೇವಿನ ಬೀಜದ ಕಷಾಯ ಹೊಡೆಯುತ್ತಿದ್ದೇನೆ. 100 ಲೀಟರ್ ನೀರಿಗೆ 5 ಕಿಲೋ ತಿರುಳು. ಪುಡಿ ಮಾಡಿ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪಿನ ನೀರು ಸೇರಿಸುತ್ತೇನೆ. ಬಿಸಿಲಿಗೆ ಬೇವಿನ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ಬೇಗ ಕೆಡುತ್ತದೆ, ಅದಕ್ಕೇ ಸಂಜೆ ಹೊತ್ತು ಸಿಂಪಡಣೆ. ಬೇವು ಹುಳವನ್ನು ತಕ್ಷಣ ಸಾಯಿಸುವುದಿಲ್ಲ, ತಿನ್ನುವುದನ್ನು ಬಿಡಿಸುತ್ತದೆ, ಮರಿಗಳು ಪೊರೆ ಕಳಚದಂತೆ ಮಾಡುತ್ತದೆ ಅನ್ನೋದು ಗೊತ್ತು. ಆದರೂ ಹೊಸ ಚಿಗುರು ಮುದುಡಿಕೊಂಡೇ ಬರುತ್ತಿದೆ.

ಬೀಜ ಹಳೆಯದು ಅನ್ನೋ ಅನುಮಾನ ಇದೆ. ಜಾಸ್ತಿ ದಿನ ಇಟ್ಟರೆ ಸತ್ವ ಕಡಿಮೆಯಾಗುತ್ತದೆ. ಹಳೆ ಬೀಜ ಬಳಸುವವರು ತಿರುಳಿನ ಪ್ರಮಾಣ ಹೆಚ್ಚಿಸುತ್ತೀರಾ, ಇಲ್ಲಾ ಸಿಂಪಡಣೆಯ ಅಂತರ ಕಡಿಮೆ ಮಾಡುತ್ತೀರಾ? ಬೆಳ್ಳುಳ್ಳಿ-ಹಸಿಮೆಣಸಿನ ಕಷಾಯ ಬೆರೆಸಿದರೆ ಎಳೆ ಕುಡಿ ಸುಡುತ್ತದಾ? ಥ್ರಿಪ್ಸ್ ಕೋಶಾವಸ್ಥೆ ಹೆಚ್ಚಾಗಿ ಮಣ್ಣಿನಲ್ಲೇ ಕಳೆಯುವುದರಿಂದ ಬುಡಕ್ಕೆ ಬೇವಿನ ಹಿಂಡಿ ಹಾಕಿ ನೋಡಿದವರು ಯಾರಾದರೂ ಇದ್ದೀರಾ?

ತಂಬಾಕಿನ ಕಷಾಯ ಮಾತ್ರ ಸುಮ್ನೆ ಹೇಳಬೇಡಿ. ಗಿಡದ್ದೇ ಆದರೂ ನಿಕೋಟಿನ್ ವಿಷವೇ, ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಗಿಡಗಳು ಹೂ ಬಿಡುತ್ತಿವೆ, ಜೇನುನೊಣ ಬರುತ್ತಿವೆ. ಅವಕ್ಕೆ ತೊಂದರೆ ಆಗದಂಥ ದಾರಿ ಇದ್ದರೆ ಅಳತೆ ಸಮೇತ ತಿಳಿಸಿ.