ಮಂಗನ ಕಾಯಿಲೆ: ಒಂದೇ ಊರಲ್ಲಿ ಒಬ್ಬರಿಗೆ ಗಾಬರಿ, ಇನ್ನೊಬ್ಬರಿಗೆ ಸಿಟ್ಟು. ಸಮೀಕ್ಷೆಯಲ್ಲಿ ಅಳೆಯೋದು ಹೇಗೆ?

ಸೊಪ್ಪಿನಬೆಟ್ಟ:
ಎಂಎಸ್‌ಡಬ್ಲ್ಯು ಪ್ರಬಂಧಕ್ಕೆ ಸಾಗರ, ಸೊರಬ, ಸಿದ್ದಾಪುರ ಕಡೆಯ 10 ಹಳ್ಳಿಗಳಲ್ಲಿ, ಹಳ್ಳಿಗೆ 20ರಂತೆ 200 ಮನೆಗಳ ಸಮೀಕ್ಷೆ ಮಾಡುವ ಯೋಜನೆ ಇದೆ. ಕೆಎಫ್‌ಡಿ (ಮಂಗನ ಕಾಯಿಲೆ) ಬಗ್ಗೆ ಜನರ ಅಭಿಪ್ರಾಯ ಬೇರೆಬೇರೆ ಇರುವುದಕ್ಕೆ ವ್ಯಕ್ತಿತ್ವ ಎಷ್ಟು ಕಾರಣ, ಭಾವನೆ ಎಷ್ಟು ಕಾರಣ ಎಂದು ನೋಡಬೇಕು. ವ್ಯಕ್ತಿತ್ವಕ್ಕೆ ಐದು ಮುಖ್ಯ ಗುಣಗಳನ್ನು ಅಳೆಯುವ 44 ಪ್ರಶ್ನೆಗಳ ‘ಬಿಗ್ ಫೈವ್’ ಪಟ್ಟಿ, ಭಾವನೆಗೆ ‘ನಿಮಗೆ ಕಾಯಿಲೆಯ ಭಯ ಇದೆಯೇ? ಹೌದು/ಇಲ್ಲ’, ಕೊನೆಗೆ ಲಸಿಕೆ ಮತ್ತು ಕಾಯಿಲೆ ದಾಟಿಸುವ ಉಣುಗು (ಉಣ್ಣೆ) ತಡೆಯುವ ತೈಲದ ಬಗ್ಗೆ ಅಭಿಪ್ರಾಯ. ಇದರಲ್ಲಿ ಎಲ್ಲಿ ಎಡವಬಹುದು?

ಅಂಕಿಗಣಿತ:
ಮೊದಲು 44 ಪ್ರಶ್ನೆ ಬಿಡಿ. ಓದಿ ಹೇಳಿ ಉತ್ತರ ಬರೆದುಕೊಳ್ಳುವ ಸಂದರ್ಶನದಲ್ಲಿ ಇಪ್ಪತ್ತು ದಾಟುವಷ್ಟರಲ್ಲಿ ಎಲ್ಲದಕ್ಕೂ ‘ಹೂಂ’ ಅನ್ನುವುದು ಶುರುವಾಗುತ್ತದೆ. ಹಾಗಂತ 10 ಪ್ರಶ್ನೆಗಳ ಚುಟುಕು ಪಟ್ಟಿಗೂ ಹಾರಬೇಡಿ. ಅದರಲ್ಲಿ ಗುಣಕ್ಕೆ ಎರಡೇ ಪ್ರಶ್ನೆ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬಾಕ್ ಆಲ್ಫಾ ತಗ್ಗೇ ಬರುತ್ತದೆ, ವೈವಾದಲ್ಲಿ ಅದನ್ನೇ ಹಿಡಿದು ಕೂರುತ್ತಾರೆ. ಐದೂ ಗುಣ ನಿಮಗೆ ಬೇಕಾಗಿಲ್ಲ. ಬೇಗ ಆತಂಕಗೊಳ್ಳುವ ಸ್ವಭಾವ ಒಂದು, ಶಿಸ್ತು-ಅಚ್ಚುಕಟ್ಟಿನ ಸ್ವಭಾವ ಒಂದು, ತಲಾ 8 ಪ್ರಶ್ನೆ ಸಾಕು.

ಎಲ್ಲದಕ್ಕೂ ‘ಹೂಂ’ ಅನ್ನುವವರನ್ನು ಹಿಡಿಯಲು ಉಲ್ಟಾ ಅರ್ಥದ ತಿರುಗುಮುರುಗು ಪ್ರಶ್ನೆ ಬೇಕು, ಆದರೆ ‘ನಿಮಗೆ ಸುಲಭಕ್ಕೆ ಗಾಬರಿಯಾಗಲ್ಲ, ಅಲ್ವಾ?’ ಅಂತ ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ಯಾವ ಕಡೆಗೆ ಬರೆದುಕೊಳ್ಳುತ್ತೀರಿ? ‘ಏನೇ ಬಂದರೂ ಸಮಾಧಾನವಾಗಿರ್ತೀನಿ’ ಎಂದು ನೇರ ವಾಕ್ಯ ಮಾಡಿ. ಐದು ಮಟ್ಟದ ಉತ್ತರಕ್ಕೆ ಐದು ಗೋಟಡಿಕೆ ಮುಂದಿಟ್ಟು ‘ಎಷ್ಟು ಅಂತ ತೆಗೆದಿಡಿ’ ಎಂದರೆ ಓದು ಬಾರದವರಿಗೂ ಆಗುತ್ತದೆ.

ಇನ್ನು ಸಂಖ್ಯೆ. ಸ್ವಭಾವಕ್ಕೂ ಅಭಿಪ್ರಾಯಕ್ಕೂ ಇರುವ ಸಂಬಂಧ ಸಣ್ಣದು. ಕೋವಿಡ್ ಕಾಲದ ಅಧ್ಯಯನಗಳಲ್ಲೂ ಸಾಮಾನ್ಯವಾಗಿ ಹಾಗೇ ಕಂಡದ್ದು. ಸಹಸಂಬಂಧ (ಸೊನ್ನೆ ಅಂದರೆ ಸಂಬಂಧವಿಲ್ಲ, 1 ಅಂದರೆ ಪೂರ್ತಿ) 0.2 ಇದ್ದರೆ ಅದನ್ನು 80% ಸಾಮರ್ಥ್ಯದಲ್ಲಿ, ಅಂದರೆ ನೂರರಲ್ಲಿ ಎಂಬತ್ತು ಸಲ ಸಿಗುವಂತೆ, ಹಿಡಿಯಲು ಸುಮಾರು 195 ಜನ ಬೇಕು, 0.15 ಇದ್ದರೆ ಸುಮಾರು 350, 0.1 ಆದರೆ 780ರ ಮೇಲೆ. ನಿಮ್ಮ 200 ಕೂಡ ನಿಜವಾದ 200 ಅಲ್ಲ. ಒಂದೇ ಹಳ್ಳಿಯವರ ಉತ್ತರ ಒಂದಕ್ಕೊಂದು ಹೋಲುತ್ತದೆ. ಆ ಹೋಲಿಕೆ 0.05 ಎಂದಿಟ್ಟುಕೊಂಡರೂ 1 + (20−1) × 0.05 = 1.95, 200ನ್ನು ಅದರಿಂದ ಭಾಗಿಸಿದರೆ ಕೈಗೆ ಬರುವುದು ನೂರು ಚಿಲ್ಲರೆ ಜನರ ಮಾಹಿತಿ. ಹಳ್ಳಿಗೆ 8 ಮನೆಯಂತೆ 25 ಹಳ್ಳಿ ಮಾಡಿದರೆ ಅದೇ 200 ಮನೆ ಸುಮಾರು 148ಕ್ಕೆ ಸಮ. ಓಡಾಟ ಜಾಸ್ತಿ, ಬೇರೆ ದಾರಿ ಇಲ್ಲ.

ದರಗು:
ನನಗೆ ದೊಡ್ಡ ತಕರಾರು ಆ ‘ಭಯ ಇದೆಯೇ’ ಪ್ರಶ್ನೆಯ ಮೇಲೆ. ಭಾವನೆ ಅಂದರೆ ಭಯ ಮಾತ್ರವಲ್ಲ. ಮನೋವಿಜ್ಞಾನಿಗಳಾದ ಲರ್ನರ್ ಮತ್ತು ಕೆಲ್ಟ್ನರ್ 2001ರಲ್ಲಿ ತೋರಿಸಿದ್ದು ಇದನ್ನೇ: ಭಯದಲ್ಲಿರುವವರು ಅಪಾಯವನ್ನು ಹೆಚ್ಚಾಗಿ ಅಂದಾಜಿಸುತ್ತಾರೆ, ಸಿಟ್ಟಿನಲ್ಲಿರುವವರು ಕಡಿಮೆ. ಎರಡನ್ನೂ ಸೇರಿಸಿ ಒಂದು ‘ಭಾವನೆಯ ಅಂಕ’ ಮಾಡಿದರೆ ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ, ಫಲಿತಾಂಶ ಸೊನ್ನೆ. ಭಯಕ್ಕೆ ನಾಲ್ಕು, ಸಿಟ್ಟಿಗೆ ನಾಲ್ಕು ಪ್ರಶ್ನೆ ಬೇರೆಬೇರೆ ಇರಲಿ. ಸಿಟ್ಟು ಯಾರ ಮೇಲೆ ಎಂದೂ ಕೇಳಿ: ಆರೋಗ್ಯ ಇಲಾಖೆಯೋ, ಅರಣ್ಯ ಇಲಾಖೆಯೋ, ಪಂಚಾಯಿತಿಯೋ. ಭಯದ ಪ್ರಶ್ನೆಗಳಿಗೆ 2020ರಲ್ಲಿ ಬಂದ ಕೋವಿಡ್ ಭಯದ ಮಾಪಕ (7 ಪ್ರಶ್ನೆ, 7ರಿಂದ 35 ಅಂಕ) ಮಾದರಿಯಾಗಬಹುದು, ಕೆಎಫ್‌ಡಿಗೆ ತಕ್ಕಂತೆ ಮಾತು ಬದಲಿಸಿ.

ಯಾವುದರ ಭಯ ಎನ್ನುವುದೂ ಮುಖ್ಯ. ಸತ್ತುಬಿದ್ದ ಮಂಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನುಷ್ಯರಿಗೆ ಸೋಂಕು ದಾಟಿಸುವುದರಲ್ಲಿ ಮುಂದಿರುವ ಮರಿ ಉಣುಗು ಕಾಣುವುದೇ ಕಷ್ಟ. ಹಾಗಾಗಿ ಮಂಗ ಕಂಡರೆ ಬೆಚ್ಚುವವರೇ ಮರುದಿನ ತರಗೆಲೆ ಗುಡಿಸಲು ಬೆಟ್ಟಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಕಾಡು ದಿನನಿತ್ಯದ ಜಾಗ, ಪರಿಚಿತ ಅಪಾಯ ಹಗುರವಾಗಿ ಕಾಣುತ್ತದೆ. ‘ಮಂಗದ ಭಯ’, ‘ಉಣುಗಿನ ಭಯ’ ಎರಡನ್ನೂ ಪ್ರತ್ಯೇಕ ಕೇಳಿ. ಮಳೆಗಾಲದಲ್ಲಂತೂ ಕೇಳಲೇಬೇಡಿ; ಡಿಸೆಂಬರ್‌ನಿಂದ ಮೇವರೆಗಿನ ಕಾಯಿಲೆಯ ಬಿಸಿ ಆಗಸ್ಟ್‌ನಲ್ಲಿ ಯಾರ ಮನಸ್ಸಲ್ಲೂ ಇರುವುದಿಲ್ಲ.

ತಾಲ್ಲೂಕು_ಆಫೀಸು:
ಸ್ವಲ್ಪ ಒರಟಾಗಿ ಹೇಳುತ್ತೇನೆ. ಲಸಿಕೆ ಬೇಡ ಅಂದವರನ್ನೆಲ್ಲ ‘ಭಾವನೆಗೆ ಒಳಗಾದವರು’ ಎಂಬ ಖಾನೆಗೆ ಹಾಕುವುದು ಸಂಶೋಧನೆ ಅಲ್ಲ, ಸೋಮಾರಿತನ. ಆ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ ಬೇಕಿತ್ತು. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. 2005–10ರ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ 62.4%, ಬೂಸ್ಟರ್ ಸೇರಿದರೆ 82.9% ರಕ್ಷಣೆ ಎಂದು ಬಂತು. ಪರಿಣಾಮ ಸಾಲದೆಂದು 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಿದರು. ‘ಹಾಕಿಸಿಕೊಂಡರೂ ಬರುತ್ತೆ’ ಎಂದವರ ಮಾತಿನಲ್ಲಿ ಹುರುಳಿತ್ತು.

ಆದ್ದರಿಂದ ಅನುಭವದ ಪ್ರಶ್ನೆಗಳನ್ನು ಸೇರಿಸಿ: ಎಷ್ಟು ಡೋಸ್ ಆಗಿತ್ತು, ತೋಳು ಎಷ್ಟು ದಿನ ನೋವಿತ್ತು, ಲಸಿಕೆಯ ನಂತರವೂ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂತೇ, ಎಷ್ಟು ದಿನದ ಕೂಲಿ ಹೋಯಿತು. ವಿಶ್ಲೇಷಣೆಯಲ್ಲಿ ಮೊದಲು ಅನುಭವ, ಆಮೇಲೆ ಸ್ವಭಾವ, ಕೊನೆಗೆ ಭಯ-ಸಿಟ್ಟು ಸೇರಿಸುತ್ತ ಹೋಗಿ. ಪ್ರತಿ ಹಂತದಲ್ಲಿ ಅಭಿಪ್ರಾಯಗಳ ವ್ಯತ್ಯಾಸಕ್ಕೆ ವಿವರಣೆ ಎಷ್ಟು ಹೆಚ್ಚಿತು ಎಂಬುದೇ ನಿಮ್ಮ ಉತ್ತರ. ಒಂದೇ ಸುತ್ತಿನ ಸಮೀಕ್ಷೆಯಿಂದ ‘ಸ್ವಭಾವದಿಂದ ಭಯ, ಭಯದಿಂದ ಅಭಿಪ್ರಾಯ’ ಎಂದು ಕಾರಣದ ಬಾಣ ಬರೆಯಬೇಡಿ. ನವೆಂಬರ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಅದೇ ಮನೆಗಳಿಗೆ ಹೋದರೆ ಏನೋ ಹೇಳಬಹುದು.

ದರಗು:
ಅನುಭವದ ಮಾತು ಒಪ್ಪಿದೆ. ಆದರೆ ಒಂದೇ ಅನುಭವವಾದ ಅಕ್ಕಪಕ್ಕದ ಮನೆಯವರು ಬೇರೆಬೇರೆ ತೀರ್ಮಾನಕ್ಕೆ ಬಂದರೆ? ಭಾವನೆಗೆ ಕೆಲಸ ಇರುವುದು ಅಲ್ಲೇ.

ಕರಪತ್ರ:
ಒಂದು ಕೊಂಡಿ ತಪ್ಪಿದೆ. ಸಂವಹನ ಸಂಶೋಧಕಿ ಕಿಮ್ ವಿಟ್ಟೆ 1992ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ ಭಯದ ಜೊತೆ ‘ನನ್ನ ಕೈಲಿ ತಡೆಯೋಕಾಗುತ್ತೆ’ ಎಂಬ ನಂಬಿಕೆ ಇದ್ದರೆ ಜನ ಕಾಯಿಲೆಯಿಂದ ತಪ್ಪಿಸಿಕೊಳ್ಳುವ ದಾರಿ ನೋಡುತ್ತಾರೆ. ಅದಿಲ್ಲದಿದ್ದರೆ ಭಯದಿಂದಲೇ ತಪ್ಪಿಸಿಕೊಳ್ಳುತ್ತಾರೆ. ‘ಹಣೇಲಿ ಬರೆದಿದ್ದು ಆಗುತ್ತೆ’ ಅನ್ನುವವರಲ್ಲಿ ಭಯ ಬಹಳ ಇರಬಹುದು. ಇದಕ್ಕೆ ಉಣುಗು ತಡೆಯುವ ಡೆಪಾ ತೈಲದ ಬಗ್ಗೆ ಎರಡು ಪ್ರಶ್ನೆ: ‘ಡೆಪಾ ತೈಲ ಹಚ್ಚಿದರೆ ಉಣುಗು ಹತ್ತುವುದು ತಪ್ಪುತ್ತದೆಯೇ?’, ‘ಕಾಡಿಗೆ ಹೋಗುವಾಗೆಲ್ಲ ಹಚ್ಚಲು ನಿಮಗೆ ಸಾಧ್ಯವೇ?’ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಬಂದರೆ ತೊಡಕು ಜಿಡ್ಡಿನದೋ ಪೂರೈಕೆಯದೋ ಇರಬಹುದು, ಅಭಿಪ್ರಾಯದ್ದಲ್ಲ.

ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಬೇಡಿ, ದಾಕ್ಷಿಣ್ಯಕ್ಕೆ ‘ದಿನಾ ಹಚ್ತೀವಿ’ ಅಂತಾರೆ. ‘ಹೋದ ಸಲ ಸೊಪ್ಪಿಗೆ ಹೋದಾಗ ಹಚ್ಚಿದ್ರಾ? ಬಾಟಲಿ ನೋಡಬಹುದಾ?’ ಎಂದು ಕೇಳಿ.

ಸೊಪ್ಪಿನಬೆಟ್ಟ:
ಎಲ್ಲರಿಗೂ ವಂದನೆ. 25 ಹಳ್ಳಿ, ಎರಡು ಗುಣ, ಭಯ-ಸಿಟ್ಟು ಬೇರೆ, ಇಷ್ಟು ಬದಲಿಸುತ್ತೇನೆ. ಪ್ರಶ್ನೆಗಳ ಕ್ರಮ ಹೇಗಿರಲಿ?

ಅಂಕಿಗಣಿತ:
ಸ್ವಭಾವ ಮೊದಲು, ಅಲ್ಲಿಯವರೆಗೆ ಕಾಯಿಲೆಯ ಹೆಸರೇ ಎತ್ತಬೇಡಿ. ಮಂಗನ ಕಾಯಿಲೆ ಎಂದ ಕೂಡಲೇ ಹುಟ್ಟುವ ಕಳವಳ ‘ನೀವು ಬೇಗ ಗಾಬರಿಯಾಗ್ತೀರಾ’ ಎಂಬುದರ ಉತ್ತರಕ್ಕೂ ಅಂಟಿಕೊಳ್ಳುತ್ತದೆ. ಆಮೇಲೆ ಅನುಭವ ಮತ್ತು ನಡವಳಿಕೆ. ಭಯ-ಸಿಟ್ಟು ಮೊದಲೋ ಅಭಿಪ್ರಾಯ ಮೊದಲೋ ಎಂಬುದಕ್ಕೆ ಅರ್ಧ ಮನೆಗಳಲ್ಲಿ ಒಂದು ಕ್ರಮ, ಅರ್ಧ ಮನೆಗಳಲ್ಲಿ ಇನ್ನೊಂದು ಇಡಿ. ಯಾವ ಮನೆಗೆ ಯಾವುದು ಎಂದು ಹೊರಡುವ ಮುಂಚೆಯೇ ಚೀಟಿ ಎತ್ತಿ ನಮೂನೆಯ ಮೇಲೆ ಬರೆದಿಡಿ. ಎರಡು ಗುಂಪಿನ ಉತ್ತರ ಬೇರೆ ಬಂದರೆ ಪ್ರಬಂಧದಲ್ಲಿ ಅದನ್ನೂ ವರದಿ ಮಾಡಿ. ಮತ್ತೆ, ಮೊದಲು ಎಂಟು ಹತ್ತು ಜನರ ಹತ್ತಿರ ಪ್ರಶ್ನೆ ಓದಿ ‘ಇದರಿಂದ ನಿಮಗೆ ಏನು ಅರ್ಥವಾಯ್ತು’ ಎಂದು ಕೇಳದೆ ನಮೂನೆ ಮುದ್ರಿಸಬೇಡಿ.