ಹಳೆಯ ಬಾತ್‌ಟಬ್‌ನ ಡ್ರೈನ್ ಪೈಪನ್ನು ಎಲ್ಲಿಯವರೆಗೆ ಬದಲಾಯಿಸಬೇಕು?

ಪ್ರಶ್ನೆ:
ನಮ್ಮ ಹಳೆಯ ಮನೆಯ ಬಾತ್‌ಟಬ್‌ನಿಂದ ನೀರು ಇಳಿಯಲು ಬಹಳ ಹೊತ್ತು ಹಿಡಿಯುತ್ತಿದೆ. ಕೆಳಗಿನ ಕೋಣೆಯ ಚಾವಣಿಯಲ್ಲಿ ತೇವದ ಕಲೆಯೂ ಮೂಡಿದೆ. ಟಬ್‌ನ ಹಿಂದಿನ ಗೋಡೆಯ ಸಣ್ಣ ಬಾಗಿಲು ತೆಗೆದು ನೋಡಿದರೆ, ಹಿತ್ತಾಳೆಯ ಓವರ್‌ಫ್ಲೋ ಕೊಳವೆಯ (ಟಬ್ ತುಂಬಿದಾಗ ಹೆಚ್ಚಾದ ನೀರು ಇಳಿಯುವ ಕೊಳವೆ) ನಟ್ಟಿನ ಸುತ್ತ ಹಸಿರು ಕಿಲುಬು ಕಟ್ಟಿದೆ. ಅದರಾಚೆಗೆ ಡಬ್ಬಿಯಾಕಾರದ ಸೀಸದ ಟ್ರ್ಯಾಪ್ (ಚರಂಡಿಯ ಗಾಳಿ ಒಳಬಾರದಂತೆ ನೀರು ನಿಲ್ಲಿಸುವ ಭಾಗ), ನಂತರ ಜಿಐ (ಸತುವಿನ ಲೇಪದ ಕಬ್ಬಿಣದ) ಪೈಪ್ ಇವೆ. ಸೋರುವ ಭಾಗವನ್ನಷ್ಟೇ ಬದಲಾಯಿಸಿದರೆ ಸಾಕೇ?

ಉತ್ತರ 1:
ಸಾಲದು. ಜಿಐ ಪೈಪಿಗೆ ಒಳಗಿನಿಂದ ತುಕ್ಕು ಹಿಡಿಯುವುದರಿಂದ, ಹೊರಗೆ ಗಟ್ಟಿಯಾಗಿ ಕಂಡರೂ ಒಳದಾರಿ ಕಿರಿದಾಗಿ, ಆ ಒರಟು ಮೈಗೆ ಕೂದಲೂ ಸಾಬೂನಿನ ಜಿಡ್ಡೂ ಅಂಟಿಕೊಳ್ಳುತ್ತವೆ. ಡಬ್ಬಿ ಟ್ರ್ಯಾಪ್‌ನಲ್ಲಿ ನೀರಿನ ಓಟ ತಗ್ಗಿ ಕೊಳೆ ತಳದಲ್ಲೇ ಕೂರುತ್ತದೆ. ಅಂತರರಾಷ್ಟ್ರೀಯ ಪ್ಲಂಬಿಂಗ್ ಸಂಹಿತೆಯೂ ಟಬ್‌ಗಳಿಗೆ ಅದನ್ನು ಒಪ್ಪುವುದಿಲ್ಲ. ಟಬ್‌ನಿಂದ ಹಿಡಿದು, ಒಳಗೂ ಕೆಡದ ಗಟ್ಟಿ ಪೈಪ್ ಸಿಗುವವರೆಗೂ ಎಲ್ಲವನ್ನೂ ತೆಗೆದು, 1.5 ಇಂಚಿನ ಪಿ-ಟ್ರ್ಯಾಪ್ (P ಅಕ್ಷರದಂತೆ ಬಾಗಿದ ಕೊಳವೆಯ ಟ್ರ್ಯಾಪ್) ಕೂರಿಸಿ, ಮುಂದಿನ ಪೈಪಿಗೆ ಪ್ರತಿ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಡಿ. ಹಳೆಯ ಲೋಹಕ್ಕೆ ಹೊಸ ಪಿವಿಸಿಯನ್ನು ಸೇರಿಸಲು ಉಕ್ಕಿನ ಪಟ್ಟಿಯಿರುವ ರಬ್ಬರ್ ಕಪ್ಲಿಂಗ್ ಬಳಸಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಡಬ್ಬಿ ಟ್ರ್ಯಾಪ್‌ನಲ್ಲಿ ಹೆಚ್ಚು ನೀರು ನಿಲ್ಲುವುದರಿಂದ ಹಿಂದಿನವರು ಅನೇಕ ಕಡೆ ವೆಂಟ್ ಪೈಪನ್ನೇ (ಡ್ರೈನ್ ಪೈಪಿಗೆ ಹೊರಗಿನ ಗಾಳಿ ಒದಗಿಸುವ ಪೈಪ್) ಇಟ್ಟಿರುತ್ತಿರಲಿಲ್ಲ. ಅಂಥಲ್ಲಿ ಪಿ-ಟ್ರ್ಯಾಪನ್ನು ಮಾತ್ರ ಕೂರಿಸಿದರೆ, ಟಬ್ ಖಾಲಿಯಾಗುವ ಸೆಳೆತಕ್ಕೆ ಟ್ರ್ಯಾಪ್‌ನ ನೀರೂ ಹೋಗಿ, ಚರಂಡಿಯ ಗಾಳಿ ಕೋಣೆಗೆ ನುಗ್ಗುತ್ತದೆ. ಪೈಪ್ ಕತ್ತರಿಸುವ ಮೊದಲೇ ವೆಂಟ್ ಎಲ್ಲಿದೆಯೆಂದು ಪತ್ತೆ ಮಾಡಿಸಿ. ಸೀಸವನ್ನು ಉಜ್ಜಬೇಡಿ, ಕಾಯಿಸಲೂಬೇಡಿ. ಮುಟ್ಟುವಾಗ ಕೈಗವಸು ಇರಲಿ.

ಉತ್ತರ 2:
ಟಬ್‌ನ ತಳದಲ್ಲಿ ನೀರು ಇಳಿಯುವ ರಂಧ್ರಕ್ಕೆ ತಿರುಗಿಸಿ ಕೂರಿಸಿರುವ ಹಿತ್ತಾಳೆಯ ಬಿಲ್ಲೆಯನ್ನು ತೆಗೆಯುವಾಗ ಆತುರ ಬೇಡ. ತಿರುಗಿಸುವ ಉಪಕರಣಕ್ಕೆ ಅದರ ಅಡ್ಡಪಟ್ಟಿಗಳು ಮುರಿದುಹೋದರೆ, ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದಲೇ ಎರಡು ಕಡೆ ಸೀಳಿ, ಆ ತುಂಡನ್ನು ಒಳಮುಖವಾಗಿ ಬಾಗಿಸಿದರೆ ಅದು ಸಡಿಲವಾಗುತ್ತದೆ. ಟಬ್‌ನ ಎನಾಮೆಲ್ ಮೇಲೆ ದಪ್ಪ ಬಟ್ಟೆ ಹಾಸಿರಿ. ಒಮ್ಮೆ ಚಕ್ಕೆ ಎದ್ದರೆ ಅಲ್ಲಿಂದ ತುಕ್ಕು ಆರಂಭವಾಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ವೆಂಟ್ ಇರುವ ಗುರುತು ನನಗೆ ಕಾಣಿಸುತ್ತಿಲ್ಲವಾದ್ದರಿಂದ ಮೊದಲು ಪ್ಲಂಬರರಿಗೆ ತೋರಿಸುತ್ತೇನೆ. ಕೆಲಸ ಮುಗಿದ ಮೇಲೆ ಸೋರಿಕೆಯನ್ನು ಪರೀಕ್ಷಿಸುವುದು ಹೇಗೆ?

ಉತ್ತರ 3:
ಓವರ್‌ಫ್ಲೋ ರಂಧ್ರದಿಂದ ನೀರು ಇಳಿಯುವಷ್ಟು ಟಬ್ ತುಂಬಿಸಿ, ಪ್ರತಿ ಜೋಡಣೆಯ ಕೆಳಗೂ ಒಣ ಕಾಗದವನ್ನಿಟ್ಟು, ಆಮೇಲೆ ಒಮ್ಮೆಲೇ ನೀರು ಬಿಡಿ. ಹನಿ ಕಣ್ಣಿಗೆ ಬೀಳದಿದ್ದರೂ ಕಾಗದದ ಮೇಲೆ ಕಲೆ ಮೂಡುತ್ತದೆ. ಕೈಯಿಂದ ಬಿಗಿಯುವ ನಟ್ಟುಗಳಿರುವ ಕಡೆ ಗೋಡೆಯನ್ನು ಶಾಶ್ವತವಾಗಿ ಮುಚ್ಚಬೇಡಿ. ವಾಷರ್ ಸವೆದಾಗ ಆ ಸಣ್ಣ ಬಾಗಿಲೇ ಬೇಕಾಗುತ್ತದೆ.